ತಂಗಿಯ ಎಡಗೆನ್ನೆ ಮತ್ತು ಮರದ ಕ್ಯಾಮೆರಾ

ನನ್ನ ತಂಗಿಯ ಎಡಗೆನ್ನೆಯ ಮೇಲಿನ ಸುಟ್ಟ ಗುರುತನ್ನು ಕೊಪ್ಪಳದ ಒಬ್ಬ ಫೋಟೋ ಸ್ಟುಡಿಯೋದವನು ಮೂರು ಸಲ ಅಳಿಸಿದ. ಮೊದಲ ಸಲ ನಾವು ಏನೂ ಹೇಳಿರಲಿಲ್ಲ. ಎರಡನೆಯ ಸಲ, ಅಳಿಸಬೇಡ ಎಂದು ಹೇಳಿಯೇ ಅವಳನ್ನು ಕೂರಿಸಿದ್ದೆ. ಮೂರನೆಯ ಸಲ ಅವನ ಟೇಬಲ್ಲಿನ ಮುಂದೆ ನಿಂತು, ‘ಮುಖ ಹೆಂಗೈತಿ ಹಂಗ ಇರ್ಲಿ, ಪೆನ್ಸಿಲ್ ಮುಟ್ಟಿಸಬ್ಯಾಡ್ರಿ’ ಎಂದು ಎರಡೆರಡು ಬಾರಿ ಹೇಳಿದೆ. ‘ಆತ್ರಿ ಸರ’ ಎಂದ. ನಾಲ್ಕು ದಿನ ಬಿಟ್ಟು ಹೋದರೆ ಕವರಿನೊಳಗೆ ಮತ್ತೆ ಅದೇ ನುಣ್ಣನೆಯ ಕೆನ್ನೆ. ಅದು ನನ್ನ ತಂಗಿಯಲ್ಲ, ಅವಳ ಸೀರೆ ಉಟ್ಟ ಯಾರೋ ಬೇರೆ ಹುಡುಗಿ.

ಜಗಳಕ್ಕೆ ನಿಂತೆ. ಅವನಿಗೂ ಬೇಸರವಾಯಿತು. ‘ಹೆಣ್ಮಗಳ ಫೋಟೋರಿ. ಹಂಗ ಹ್ಯಾಂಗ ಕೊಡಾಕ ಬರ್ತೈತಿ? ನಾಳೆ ಯಾರ ತಗದಾರ ಇದನ್ನ ಅಂತ ಮಂದಿ ಕೇಳಿದ್ರ ನನ್ನ ಹೆಸರು ಹೋಗ್ತೈತಿ’ ಎಂದ. ಮೋಸ ಮಾಡುವ ಬುದ್ಧಿ ಅವನಿಗಿರಲಿಲ್ಲ. ಚೂಪಾಗಿ ಹೆರೆದ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಬಗ್ಗಿ ಕೂರುವುದು ಅವನ ಪಾಲಿಗೆ ಮರ್ಯಾದೆಯ ಕೆಲಸ. ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸುವುದು ನಮಗೆ ಹೇಗೋ, ಗುರುತನ್ನು ತಿದ್ದದೆ ಫೋಟೋ ಕೊಡುವುದು ಅವನಿಗೆ ಹಾಗೆ. ಇದೆಲ್ಲ ಈಗ ಹೊಳೆಯುತ್ತದೆ. ಅವತ್ತು ಮಾತ್ರ ಕವರನ್ನು ಅವನ ಟೇಬಲ್ಲಿನ ಮೇಲೆಯೇ ಬಿಸಾಕಿ ಬಂದಿದ್ದೆ. ಕುಷ್ಟಗಿ ಬಸ್ಸು ಹತ್ತಿದ ಮೇಲೆ, ಅಷ್ಟು ಸಿಟ್ಟು ಮಾಡಬಾರದಿತ್ತು ಎಂದು ದಾರಿಯುದ್ದಕ್ಕೂ ಕೊರಗಿದೆ. ನನ್ನ ಸ್ವಭಾವವೇ ಅದು. ಸಿಟ್ಟು ಒಂದು ನಿಮಿಷದ್ದು, ಕೊರಗು ಎಂಟು ದಿನದ್ದು.

ಕೆನ್ನೆ ಸುಟ್ಟದ್ದು ನನ್ನಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಒಂಬತ್ತು ವರ್ಷ, ಅವಳಿಗೆ ನಾಲ್ಕು. ಪಂಚಮಿ ಹಬ್ಬದ ಹಿಂದಿನ ದಿನ ಅವ್ವ ಉಂಡಿ ಕಟ್ಟಲು ಬೆಲ್ಲದ ಪಾಕ ಇಟ್ಟಿದ್ದಳು. ಅವಳು ಹಿತ್ತಲಿಗೆ ಹೋದ ಹೊತ್ತಿನಲ್ಲಿ ಬೆರಳು ಅದ್ದಿ ನೆಕ್ಕಬೇಕೆಂದು ಪಾತ್ರೆಯ ಅಂಚನ್ನು ನನ್ನ ಕಡೆ ಎಳೆದೆ. ಅದು ನನ್ನ ಕಡೆ ಬಾಗಲಿಲ್ಲ, ಆಚೆ ಕೂತಿದ್ದ ತಂಗಿಯ ಕಡೆ ಉರುಳಿತು. ಕೆನ್ನೆಯಿಂದ ಕಿವಿಯ ಕೆಳಗಿನವರೆಗೆ ಪಾಕ ಅಂಟಿಕೊಂಡಿತು. ಅವ್ವ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ, ಪಂಚಮಿಗೆ ಪಾಕದ ಉಂಡಿಯನ್ನೂ ಕಟ್ಟಲಿಲ್ಲ. ಪ್ರತಿ ವರ್ಷ ಆ ಉಂಡಿ ಇಲ್ಲದ ತಟ್ಟೆ ನನ್ನ ಮುಂದೆ ಬರುತ್ತಿತ್ತು, ನಾನು ತಲೆ ಬಗ್ಗಿಸಿ ಉಣ್ಣುತ್ತಿದ್ದೆ.

ಅಪ್ಪ ಬೇಗ ತೀರಿಕೊಂಡಿದ್ದ. ಕುಷ್ಟಗಿಯ ಮನೆಯಲ್ಲಿ ಅವ್ವ, ತಂಗಿ, ನಾನು ಮೂವರೇ. ನಾನು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್. ತಂಗಿ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಮೊದಲ ಸಲದ ಆ ನುಣ್ಣನೆಯ ಫೋಟೋ ನೋಡಿ ಎರಡು ಮನೆಯವರು ಹೆಣ್ಣು ನೋಡಲು ಬಂದರು. ಮೊದಲು ಗಂಗಾವತಿ ಕಡೆಯವರು, ಆಮೇಲೆ ಯಲಬುರ್ಗಾ ಕಡೆಯವರು. ಇಬ್ಬರೂ ಉಪ್ಪಿಟ್ಟು ತಿನ್ನುತ್ತ ತಲೆ ಎತ್ತಿದವರು ಹಾಗೇ ಕೈ ನಿಲ್ಲಿಸಿದರು. ಇಬ್ಬರೂ ‘ಮನಿಗೆ ಹೋಗಿ ಹೇಳಿ ಕಳಸ್ತೀವಿ’ ಎಂದರು. ಯಲಬುರ್ಗಾದಿಂದ ಬಂದಿದ್ದ ಹೆಂಗಸು ಹೊಸ್ತಿಲು ದಾಟುವಾಗ, ‘ಫೋಟೋದಾಗ ಹಿಂಗಿರ್ಲಿಲ್ಲ’ ಎಂದು ಗೊಣಗಿದಳು. ತಂಗಿ ಒಳಗೆ ತಟ್ಟೆ ಜೋಡಿಸುತ್ತಿದ್ದಳು, ಕೇಳಿಸಿತು.

ಅವತ್ತು ಪಾತ್ರೆಯೆಲ್ಲ ತೊಳೆದಿಟ್ಟು ಬಂದು ನನ್ನ ಮುಂದೆ ನಿಂತಳು. ‘ಅಣ್ಣ, ಇನ್ನ ಮ್ಯಾಲೆ ಫೋಟೋದಾಗ ಈ ಗಲ್ಲ ಕಾಣ್ಬೇಕು. ಕಾಣಲಿಲ್ಲಂದ್ರ ನಾ ಯಾರ ಮುಂದೂ ಬಂದು ಕುಂದ್ರೂದಿಲ್ಲ. ಅವ್ವಗೂ ಹೇಳೀನಿ.’ ಅವಳ ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಆಮೇಲೆ ಸ್ಟುಡಿಯೋಕ್ಕೆ ಎರಡು ಸಲ ಹೋಗಿ ಬಂದ ಕತೆ ಹೇಳಿದೆನಲ್ಲ. ಗೆಳೆಯನೊಬ್ಬನ ಸಣ್ಣ ಕ್ಯಾಮೆರಾ ತಂದು ಮನೆಯಲ್ಲೇ ತೆಗೆದೂ ನೋಡಿದೆ. ಫ್ಲ್ಯಾಶ್ ಬೆಳಕು ಬಡಿದು ಮುಖವೆಲ್ಲ ಸುಣ್ಣ ಬಳಿದ ಗೋಡೆಯಾಯಿತು, ಗುರುತು ಅದರೊಳಗೇ ಮುಳುಗಿತು. ಆಗ ನಾನೇ ಒಂದು ದೊಡ್ಡ ಕ್ಯಾಮೆರಾ ಮಾಡುತ್ತೇನೆ ಎಂದೆ. ಹಿಂದೆ ಸ್ಟುಡಿಯೋಗಳಲ್ಲಿ ಇರುತ್ತಿತ್ತಲ್ಲ, ಕರಿ ಬಟ್ಟೆ ಹೊದ್ದು ನೋಡುವಂಥದ್ದು. ಅಂಗೈಗಿಂತ ದೊಡ್ಡ ನೆಗೆಟಿವ್, ಅದರ ಮೇಲೆ ಕಾಗದ ಒತ್ತಿ ನೇರವಾಗಿ ಫೋಟೋ. ನಡುವೆ ಯಾರ ಪೆನ್ಸಿಲ್ಲೂ ಬರಬಾರದು. ಅವ್ವ ಹಣೆ ಚಚ್ಚಿಕೊಂಡಳು.

ನಿಜ ಹೇಳುವುದಾದರೆ ಬೀಜ ಆಗಲೇ ಬಿದ್ದಿತ್ತು. ಲ್ಯಾಬಿನಲ್ಲಿ ಪ್ರತಿ ವರ್ಷ ಮೇಣದಬತ್ತಿ, ಮಸೂರ, ಪರದೆ ಜೋಡಿಸಿ, ತಲೆಕೆಳಗಾದ ಜ್ವಾಲೆಯನ್ನು ಹುಡುಗರಿಗೆ ತೋರಿಸುತ್ತಿದ್ದವನು ನಾನೇ. ಕೊಪ್ಪಳ ಜಿಲ್ಲೆಯಾದ ವರ್ಷ, ತೊಂಬತ್ತೇಳರಲ್ಲಿ, ಗಂಗಾವತಿಗೆ ಹೋದಾಗ ಅಕ್ಕಿ ದಲಾಲಿಯೊಬ್ಬ ಹಿತ್ತಾಳೆ ಕೊಳವೆಯ ಒಂದು ಮಸೂರ ಹಿಡಿದು ಅಕ್ಕಿಕಾಳಿನ ನುಚ್ಚು ನೋಡುತ್ತಿದ್ದ. ಮುಚ್ಚಿಹೋದ ಯಾವುದೋ ಛಾಪಖಾನೆಯದ್ದಂತೆ. ಹಿಡಿಕೆ ಇರುವ ನನ್ನ ಭೂತಗನ್ನಡಿ ಕೊಟ್ಟು ಅದನ್ನು ತೆಗೆದುಕೊಂಡೆ. ‘ನಿಮ್ಮದರಾಗ ಕಾಳ ಇನ್ನಾ ದೊಡ್ಡದ ಕಾಣ್ತೈತಲ್ರಿ’ ಎಂದು ಅವನು ಖುಷಿಪಟ್ಟ. ಮನೆಗೆ ಬಂದು ಗೋಡೆಯ ಎದುರು ಹಿಡಿದರೆ ಓಣಿಯೆಲ್ಲ ತಲೆಕೆಳಗಾಗಿ ಗೋಡೆಗೆ ಇಳಿಯಿತು. ಅವತ್ತಿನಿಂದ ಅದು ನನ್ನನ್ನು ಸುಮ್ಮನಿರಗೊಡಲಿಲ್ಲ. ತಂಗಿಗಾಗಿ ಕ್ಯಾಮೆರಾ ಮಾಡಿದೆನೋ, ಕ್ಯಾಮೆರಾಕ್ಕಾಗಿ ತಂಗಿಯ ನೆವ ಹಿಡಿದೆನೋ, ಎಂದು ನನಗೆ ನಾನೇ ಕೇಳಿಕೊಂಡು ಎಷ್ಟೋ ಸಲ ನಾಚಿದ್ದೇನೆ.

ಮರಗೆಲಸ ನನ್ನ ಕೈಗೆ ಒಗ್ಗಲಿಲ್ಲ. ಮೂಲೆ ಕೂಡಿಸಿದರೆ ಬೆಳಕು ನುಗ್ಗುವಷ್ಟು ಸಂದಿ. ಒಡೆದ ಮನೆಯ ಸಾಗವಾನಿ ಚೌಕಟ್ಟೊಂದು ಸಿಕ್ಕಿತ್ತು, ಅದನ್ನು ಹೊತ್ತುಕೊಂಡು ಕಿನ್ನಾಳಕ್ಕೆ ಹೋದೆ. ಅಲ್ಲಿ ಗೊಂಬೆ ಮಾಡುವ ಒಬ್ಬ ಅಜ್ಜ ನನ್ನ ಚಿತ್ರ ನೋಡಿ, ಉದ್ದ ಅಗಲ ಕೇಳಿ, ಕೊನೆಗೆ ‘ಒಳಗ ಯಾವ ದೇವರ್ನ ಇಡಾವ?’ ಎಂದ. ದೇವರಲ್ಲ, ಕತ್ತಲೆ ಇಡಬೇಕು ಎಂದೆ. ಅಜ್ಜ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಹಲಗೆಗೆ ಉಳಿ ಹಚ್ಚಿದ.

ಹಲವು ಭಾನುವಾರ ಅಲ್ಲಿಗೆ ಹೋಗಿ ಕೂತೆ. ಎರಡು ಚೌಕಟ್ಟು, ಹಿಂದೆ ಮುಂದೆ ಸರಿಯುವ ಒಂದು ಹಲಗೆ, ಕೆಳಗೆ ಜಾರುವ ಪಟ್ಟಿ. ಸಂದಿಗಳಿಗೆ ಅಜ್ಜ ಗೊಂಬೆಗೆ ತುಂಬುವ ಹದವನ್ನೇ ತುಂಬಿದ: ನೆನೆಸಿ ಕುಟ್ಟಿದ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು. ಒಣಗಿದ ಮೇಲೆ ಮರವೆಲ್ಲಿ, ಹದವೆಲ್ಲಿ ಎಂದು ಬೆರಳಿಗೂ ತಿಳಿಯಲಿಲ್ಲ. ಒಳಗೆಲ್ಲ ಕಪ್ಪು ಬಳಿಯಬೇಕು, ಹೊಳೆಯಬಾರದು ಎಂದಾಗ ಅಜ್ಜನಿಗೆ ಜೀವ ಹಿಂಡಿದಂತಾಯಿತು. ಒಳಗೆ ನಾನು ಹೇಳಿದಂತೆ ಮಾಡಿದ. ಮುಂದಿನ ಹಲಗೆಯ ಮೇಲೆ ಮಾತ್ರ ನನ್ನನ್ನು ಕೇಳದೆ ಹಸಿರು ಕೆಂಪಿನ ಒಂದು ಬಳ್ಳಿ ಬರೆದುಬಿಟ್ಟ. ‘ಇಷ್ಟರ ಇರ್ಲಿ. ಹೆಣ್ಮಗಳು ಎದುರು ಕುಂತು ಬರೇ ಕಪ್ಪ ನೋಡ್ಬೇಕೇನು?’ ಎಂದ.

ನಡುವಿನ ಮಡಿಕೆ ಚೀಲ, ಹಾರ್ಮೋನಿಯಂ ತಿದಿಯಂಥದ್ದು, ಮನೆಯಲ್ಲೇ ಆಯಿತು. ಕರಿ ಛತ್ರಿ ಬಟ್ಟೆ ಎರಡು ಪದರ, ನಡುವೆ ರಟ್ಟಿನ ಪಟ್ಟಿಗಳು. ತಂಗಿ ಅಳತೆ ಹಾಕಿ ಕತ್ತರಿಸಿದಳು, ಮೂಲೆ ಹೊಲಿದಳು. ಅಂಟು ಹಚ್ಚುವುದು ನನ್ನ ಕೆಲಸ. ಹೊರಡುವಾಗ ಅಜ್ಜ ಹೇಳಿದ್ದ: ‘ಹುಣಸಿಬೀಜದ ಅಂಟಿಗೆ ಒಂದ್ ಚಿಟಿಕಿ ಮೈಲುತುತ್ತ ಹಾಕಪಾ. ಇಲ್ಲಂದ್ರ ಜೊಂಡಿಗ ತಿಂತಾವ.’ ಜೊಂಡಿಗ ಎಂದರೆ ಜಿರಳೆ. ಮೈಲುತುತ್ತದ ನೀಲಿ ಹರಳು ಲ್ಯಾಬಿನ ಬಾಟಲಿಯಲ್ಲಿ ಬೇಕಾದಷ್ಟಿತ್ತು. ನಾನು ಹಾಕಲಿಲ್ಲ. ಆ ರಾಸಾಯನಿಕದ ಹಬೆಗೆ ಫಿಲ್ಮು ಕೆಟ್ಟರೆ ಎಂಬ ಹೆದರಿಕೆ. ಯಾರೂ ಹೇಳಿದ್ದಲ್ಲ, ಯಾವ ಪುಸ್ತಕದಲ್ಲಿ ಓದಿದ್ದೂ ಅಲ್ಲ, ನಾನೇ ಹುಟ್ಟಿಸಿಕೊಂಡದ್ದು. ಲ್ಯಾಬಿನಲ್ಲಿ ಇಷ್ಟು ವರ್ಷ ಬಾಟಲಿ ಒರೆಸಿದವನಿಗೆ ಗೊಂಬೆ ಮಾಡುವವನಿಗಿಂತ ಹೆಚ್ಚು ಗೊತ್ತಿರುತ್ತದೆ ಎಂಬ ಸೊಕ್ಕೂ ಇತ್ತು.

ಹಿಂದೆ ಬಿಂಬ ಬೀಳುವ ಮಸುಕು ಗಾಜನ್ನು ಮೋಟಾರು ಗ್ಯಾರೇಜಿನ ಸಾಣೆಪುಡಿಯಿಂದ ಉಜ್ಜಿ ಮಾಡಿಕೊಂಡೆ. ಮಸೂರದ ಬಾಯಿಗೆ ಹಲ್ಲುಪುಡಿ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿತು. ಅದನ್ನು ತೆಗೆದು, ನಾಲ್ಕು ಎಣಿಸಿ, ಮತ್ತೆ ಮುಚ್ಚುವುದು. ಫಿಲ್ಮಿಗೆ ಎಕ್ಸ್‌ರೇ ಫಿಲ್ಮು. ಎಕ್ಸ್‌ರೇ ತೆಗೆಯುವಲ್ಲಿ ಕೆಲಸಕ್ಕಿದ್ದ ಗೆಳೆಯ ಅವಧಿ ಮುಗಿದದ್ದು ನಾಲ್ಕು ಹಾಳೆ ಕೊಟ್ಟ. ಒಂದು ಹಾಳೆ ಅಳತೆ ನೋಡುವುದರಲ್ಲೇ ಹಾಳಾಯಿತು. ಉಳಿದದ್ದು ಮೂರು. ಎಲ್ಲ ಸೇರಿ ವರ್ಷಕ್ಕೂ ಮೇಲೆ ಹಿಡಿಯಿತು, ಅಷ್ಟರಲ್ಲಿ ತಂಗಿಗೆ ಇಪ್ಪತ್ತೈದು ನಡೆಯುತ್ತಿತ್ತು. ಅವ್ವ ನನ್ನ ಕಡೆ ನೋಡುವಾಗಲೆಲ್ಲ ಆ ಇಪ್ಪತ್ತೈದು ಅವಳ ಮುಖದಲ್ಲಿ ಕಾಣುತ್ತಿತ್ತು.

ಆಗ ಬಂತು ಕಾರಟಗಿಯ ಸಂಬಂಧ. ತಂದವನು ಅವ್ವನ ತಮ್ಮ, ನಮ್ಮ ಸೋದರಮಾವ. ಹುಡುಗ ಕಾಲುವೆಯಲ್ಲಿ ನೀರು ಬಿಡುವ ಸರ್ಕಾರಿ ಕೆಲಸದಲ್ಲಿದ್ದ. ತಾಯಿ ಇಲ್ಲ, ದೊಡ್ಡವ್ವ ಸಾಕಿದ್ದಳು. ‘ಬರೋ ಗುರುವಾರ ಆ ಕಡೆ ಹೊಕ್ಕೀನಿ. ಫೋಟೋ ತಯಾರ ಇಡ್ರಿ’ ಎಂದು ಮಾವ ಹೇಳಿಹೋದ. ಅವತ್ತು ಶನಿವಾರ. ಫೋಟೋ ಬರದಿದ್ದರೆ ತಂಗಿ ಕೂರುವುದಿಲ್ಲ, ಬಂದ ಸಂಬಂಧ ತಪ್ಪುತ್ತದೆ. ತಪ್ಪಿದರೆ ಅದೂ ನನ್ನಿಂದಲೇ. ಈ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಎಷ್ಟು ಸಲ ಹಾಕಿದೆನೋ.

ಭಾನುವಾರ ಬೆಳಿಗ್ಗೆ ಅವಳನ್ನು ಪಡಸಾಲೆಯ ನೆರಳಿನಲ್ಲಿ ಕುರ್ಚಿಯ ಮೇಲೆ ಕೂರಿಸಿದೆ. ಅವ್ವನ ಕರಿ ಕಂಬಳಿ ಹೊದ್ದು ಮಸುಕು ಗಾಜು ನೋಡಿದೆ. ತಂಗಿ ತಲೆಕೆಳಗಾಗಿ, ತೊಟ್ಟಿಲಿನೊಳಗಿನ ಕೂಸಿನಷ್ಟು ಹತ್ತಿರದಲ್ಲಿ. ಮಸೂರದ ಬಾಯಿ ಕಿರಿದು ಮಾಡುವ ಬಳೆ ತುಕ್ಕು ಹಿಡಿದು ಪೂರ್ತಿ ತೆರೆದೇ ನಿಂತಿತ್ತು. ಹಾಗಾಗಿ ಒಂದು ಜಾಗ ಸ್ಪಷ್ಟವಾದರೆ ಅದರ ಹಿಂದಿನದು ಮುಂದಿನದು ಎರಡೂ ಮಸುಕು. ಹಲಗೆ ಸರಿಸಿ ಸರಿಸಿ, ಗುರುತಿನ ಒಂದೊಂದು ಗೆರೆ ಎದ್ದು ಕಾಣುವವರೆಗೆ ಸರಿಪಡಿಸಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಮುಚ್ಚಳ ತೆಗೆದೆ, ನಾಲ್ಕು ಎಣಿಸಿದೆ, ಮುಚ್ಚಿದೆ. ಬಚ್ಚಲುಮನೆಗೆ ಗೋಣಿ ಕಟ್ಟಿ, ಕೆಂಪು ಬಲ್ಬು ಹಚ್ಚಿ ಫಿಲ್ಮು ತೊಳೆದೆ. ನಿಧಾನವಾಗಿ ಮುಖ ಎದ್ದಿತು. ಅವ್ವ ಹೊರಗಿನಿಂದ, ‘ಎಷ್ಟೊತ್ತೋ ತಮ್ಮಾ, ನೀರ ಆರಾಕತ್ತಾವ’ ಎನ್ನುತ್ತಿದ್ದಳು.

ಮಧ್ಯಾಹ್ನ ಕಾಗದದ ಮೇಲೆ ಒತ್ತಿ ಫೋಟೋ ತೆಗೆದೆ. ಗುರುತು ಬಂದಿತ್ತು, ಆದರೆ ಇದ್ದುದಕ್ಕಿಂತ ಕಪ್ಪಾಗಿ. ಡಾಂಬರು ಮೆತ್ತಿದ ಹಾಗೆ. ಆ ಎಕ್ಸ್‌ರೇ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ, ಕೆಂಪಾಗಿದ್ದುದನ್ನೆಲ್ಲ ಅದು ಕಪ್ಪು ಎಂದೇ ಬರೆಯುತ್ತದೆ. ಕೆಂಪು ಬಲ್ಬಿನಲ್ಲಿ ತೊಳೆಯಬಹುದಾದದ್ದೂ ಅದಕ್ಕೇ. ಅವಳ ಗುರುತು ಕೆಂಪುಗಂದು. ಇಷ್ಟು ಗೊತ್ತಿದ್ದೂ ನನಗೆ ಅದು ಹೊಳೆದಿರಲಿಲ್ಲ.

ಬಚ್ಚಿಡಬೇಕು ಎನ್ನುವಷ್ಟರಲ್ಲಿ ತಂಗಿ ನನ್ನ ಭುಜದ ಹಿಂದೆ ನಿಂತಿದ್ದಳು. ಫೋಟೋವನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ‘ಇಷ್ಟ ಕರ್ರಗೈತೇನು?’ ಎಂದಳು. ನನ್ನನ್ನು ಕೇಳಿದ್ದೋ, ಫೋಟೋವನ್ನು ಕೇಳಿದ್ದೋ ಗೊತ್ತಾಗಲಿಲ್ಲ. ಕೆಂಪು, ಕಪ್ಪು, ಫಿಲ್ಮು ಎಂದು ತೊದಲುತ್ತ ವಿವರಿಸಲು ಹೋದೆ. ಅವಳು ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಒಳಗೆ ಹೋದಳು. ಅವಳು ದೊಡ್ಡವಳಾದ ಮೇಲೆ ಕೆನ್ನೆಗೆ ಹಾಗೆ ಕೈ ಇಟ್ಟುಕೊಂಡದ್ದನ್ನು ನಾನು ನೋಡಿರಲಿಲ್ಲ. ಎರಡನೆಯ ಸಲ ಸುಟ್ಟೆ ಅನ್ನಿಸಿತು. ಈ ಸಲ ಒಂಬತ್ತು ವರ್ಷದವನೆಂಬ ನೆವವೂ ಇರಲಿಲ್ಲ.

ಮಂಗಳವಾರ ಕಾಲೇಜಿಗೆ ರಜೆ ಹಾಕಿದೆ. ಬೆಳಕು ಹೆಚ್ಚಿದ್ದರೆ ಕಪ್ಪು ಕಡಿಮೆಯಾದೀತು ಎಂದು ಕುರ್ಚಿಯನ್ನು ಅಂಗಳಕ್ಕೆ ತಂದೆ. ತಂಗಿ ಮಾತಿಲ್ಲದೆ ಬಂದು ಕೂತಳು. ಮತ್ತೆ ಕಂಬಳಿ, ಮತ್ತೆ ಗುರುತಿನ ಗೆರೆಗಳು. ಬಿಸಿಲು ಎಡಗಡೆಯಿಂದ ಮಡಿಕೆ ಚೀಲದ ಮೇಲೆ ಬೀಳುತ್ತಿತ್ತು, ಅದನ್ನು ನೋಡಿದೆ, ಏನೂ ಅನ್ನಿಸಲಿಲ್ಲ.

ಆ ಫೋಟೋದಲ್ಲಿ ಗುರುತು ಇರಲಿಲ್ಲ. ಕೆನ್ನೆಯ ಮೇಲೆ ಮಂಜಿನಂಥ ಒಂದು ಬಿಳುಪು ಹರಡಿ, ಸುಟ್ಟ ಜಾಗವನ್ನಷ್ಟೇ ಅಳತೆ ಮಾಡಿ ಮುಚ್ಚಿತ್ತು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ‘ದೇವ್ರ ಕಣ್ಣ ಬಿಟ್ಟ. ಇದನ್ನ ಕೊಡೂಣು. ನಾವೇನ್ ತಿದ್ದಿಲ್ಲಲ್ಲ, ತಾನ ಬಂದೈತಿ’ ಎಂದಳು. ನಾನು ಕ್ಯಾಮೆರಾ ಎತ್ತಿಕೊಂಡು ಬಿಸಿಲಿಗೆ ಹೋಗಿ, ಹಿಂದಿನ ಗಾಜು ತೆಗೆದು ಒಳಗೆ ಮುಖ ಇಟ್ಟೆ. ಕತ್ತಲೆಯಲ್ಲಿ ಮೂರು ಚುಕ್ಕಿ ಹೊಳೆಯುತ್ತಿದ್ದವು. ಚೀಲದ ಮಡಿಕೆಯಲ್ಲಿ ಮೂರು ಕಡೆ ಅಂಟನ್ನು ತಿನ್ನುತ್ತ ಬಟ್ಟೆಯನ್ನೂ ಜಿರಳೆ ಕೊರೆದಿತ್ತು. ಅಜ್ಜ ಹೇಳಿದ ಒಂದು ಚಿಟಿಕೆ ಹಾಕಿದ್ದರೆ ಆ ತೂತು ಬೀಳುತ್ತಿರಲಿಲ್ಲ. ಆ ತೂತಿನಿಂದ ನುಗ್ಗಿದ ಬಿಸಿಲೇ ಅವ್ವನ ದೇವರು.

ತೂತುಗಳಿಗೆ ಕರಿ ಬಟ್ಟೆಯ ತುಂಡು ಅಂಟಿಸಿದೆ, ಮೈಲುತುತ್ತ ಹಾಕಿಯೇ. ಆದರೆ ಮೂರನೆಯ ಹಾಳೆ ಮುಟ್ಟುವ ಧೈರ್ಯ ಬರಲಿಲ್ಲ. ಬುಧವಾರ ಲ್ಯಾಬಿನಲ್ಲಿ ಒಂದು ಪ್ರಿಸಂ ಕೈಜಾರಿ ಒಡೆಯಿತು.

ಗುರುವಾರ ಬೆಳಿಗ್ಗೆ ಮಾವ ಬಂದು ಚಹಾ ಕುಡಿದ. ಅವ್ವ ಬಿಳಿ ಮಂಜಿನ ಫೋಟೋವನ್ನು ಕವರಿಗೆ ಹಾಕಿ ಅವನ ಕೈಗಿತ್ತಳು. ನಾನು ಎದುರಿಗೇ ಇದ್ದೆ. ಬೇಡ ಎನ್ನಬೇಕಿತ್ತು. ಅದಕ್ಕಾಗಿಯೇ ವರ್ಷಕ್ಕೂ ಮೇಲೆ ಮರ ಹೊತ್ತು ತಿರುಗಿದ್ದೆ, ಸ್ಟುಡಿಯೋದವನ ಮೇಲೆ ಹರಿಹಾಯ್ದಿದ್ದೆ. ಬಾಯಿ ಬಿಡಲಿಲ್ಲ. ಇವರೂ ಒಪ್ಪದೆ ಹೋದರೆ ಎಂಬ ಭಯ ನಾಲಿಗೆಯನ್ನು ಹಿಡಿದುಕೊಂಡಿತ್ತು. ಆ ಸ್ಟುಡಿಯೋದವನಿಗಿಂತ ನಾನು ಕಡೆಯಾದೆ, ಅವನಾದರೂ ತಾನು ಮಾಡಿದ್ದನ್ನು ಮಾಡಿದೆ ಎಂದಿದ್ದ.

ತಂಗಿ ಮಷಿನ್ ನಿಲ್ಲಿಸಿ ಎದ್ದು ಬಂದಳು. ಮಾವನ ಕೈಯಿಂದ ಕವರು ತೆಗೆದುಕೊಂಡು ಬಿಚ್ಚಿ ನೋಡಿದಳು. ಗೂಡಿನಲ್ಲಿದ್ದ ಕಪ್ಪು ಫೋಟೋ ತಂದು ಅದರ ಜೊತೆಗೇ ಹಾಕಿದಳು. ‘ಮಾಮಾ, ಎರಡೂ ಒಯ್ರಿ. ಒಂದರಾಗ ಭಾಳ ಕರ್ರಗೈತಿ, ಒಂದರಾಗ ಇಲ್ಲವ ಇಲ್ಲ. ಇವೆರಡರ ನಡುವ ಎಲ್ಲೋ ನಾ ಅದೀನಿ ಅಂತ ಹೇಳ್ರಿ.’ ಮತ್ತೆ ಹೋಗಿ ಮಷಿನ್ ತುಳಿಯತೊಡಗಿದಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾವ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಬಸ್ಸಿನ ಹೊತ್ತಾಯಿತೆಂದು ಹೊರಟುಹೋದ.

ಆಮೇಲಿನ ಎಂಟು ದಿನ ಹೇಗೆ ಕಳೆದೆನೋ. ಓಣಿಯಲ್ಲಿ ಸೈಕಲ್ ಗಂಟೆ ಕೇಳಿದರೂ ಬಾಗಿಲಿಗೆ ಓಡುತ್ತಿದ್ದೆ. ಕಪ್ಪು ಫೋಟೋವನ್ನು ಯಾರೋ ಕೈಯಿಂದ ಕೈಗೆ ದಾಟಿಸುತ್ತಿರುವುದು, ಬಾಯಿ ಸೊಟ್ಟ ಮಾಡುವುದು, ಕಣ್ಣಿಗೆ ಕಟ್ಟುತ್ತಿತ್ತು. ತಂಗಿ ಮಾತ್ರ ಎಂದಿನ ಹಾಗೆ ಗುಂಡಿ ಹಚ್ಚುತ್ತ, ಓಣಿಯವರ ಜೊತೆ ನಗುತ್ತ ಇದ್ದಳು. ಅವಳ ನಗುವಿನ ಮೇಲೂ ನನಗೆ ಸಿಟ್ಟು.

ಮುಂದಿನ ಶುಕ್ರವಾರ ಅವರು ಬಂದರು. ಹುಡುಗ, ಅವನ ದೊಡ್ಡವ್ವ, ಜೊತೆಗೆ ಮಾವ. ಹುಡುಗ ತೆಳ್ಳಗೆ, ಬಿಸಿಲಿಗೆ ಕಂದಿದವನು, ಮಾತು ಕಡಿಮೆ. ದೊಡ್ಡವ್ವ ಮಾತ್ರ ಬಂದ ಕೂಡಲೇ ಕೈಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ್ದ ಎರಡೂ ಫೋಟೋ ತೆಗೆದು ಚಾಪೆಯ ಮೇಲಿಟ್ಟಳು. ತಂಗಿ ಉಪ್ಪಿಟ್ಟಿನ ತಟ್ಟೆ ತಂದು ಇಟ್ಟು ಎದುರಿಗೆ ಕೂತಳು. ದೊಡ್ಡವ್ವ ಅವಳ ಕೆನ್ನೆಯನ್ನು ನೇರವಾಗಿ ನೋಡಿದಳು, ತಟ್ಟೆಗೆ ಕೈ ಹಾಕಲಿಲ್ಲ. ಬಂತು, ಮುಗಿಯಿತು ಎಂದುಕೊಂಡೆ.

‘ಸುಟ್ಟದ್ದು ತಿಳೀತವಾ’ ಎಂದಳು ದೊಡ್ಡವ್ವ. ‘ಅದನ್ನೇನ್ ನೋಡೂದು, ಒಲಿ ಮುಂದ ಬೆಳದ ಹೆಣ್ಮಕ್ಕಳಿಗೆ ಅವ ಇರ್ತಾವ. ನಾ ಬಂದಿದ್ದು ಬ್ಯಾರೆ ಕೇಳಾಕ. ಈ ಎರಡೂ ಫೋಟೋದಾಗ ಕಣ್ಣ ಮಸಕ ಅದಾವಲ್ಲ. ಕಣ್ಣಿಗೇನರ ತ್ರಾಸ ಐತೇನು? ಇದ್ರ ಈಗ ಹೇಳ್ಬಿಡ್ರಿ.’

ನಾನು ಬಗ್ಗಿ ಫೋಟೋಗಳನ್ನು ಎತ್ತಿಕೊಂಡೆ. ಕಪ್ಪು ಫೋಟೋದಲ್ಲಿ ಗುರುತಿನ ಗೆರೆಗಳು, ಕಿವಿಯ ಬೆಂಡೋಲೆಯ ಒಂದೊಂದು ಹರಳು, ಕತ್ತಿನ ಹತ್ತಿರ ಒಂದು ಎಳೆ ಕೂದಲು ಕೂಡ ಕೊರೆದಂತೆ ಸ್ಪಷ್ಟ. ಕಣ್ಣುಗಳು ನೀರಿನಲ್ಲಿ ಕಲಸಿದ ಹಾಗೆ. ಬಿಳಿ ಫೋಟೋದಲ್ಲೂ ಬೆಂಡೋಲೆ ಸ್ಪಷ್ಟ, ಕಣ್ಣು ಕಲಸಿದ್ದವು. ಫೋಟೋ ತೆಗೆಯುವವನು ಮೊದಲು ಸರಿಪಡಿಸುವುದು ಕಣ್ಣನ್ನು. ಇದನ್ನು ನಾನು ಓದಿದ್ದೆ, ಲ್ಯಾಬಿನ ಹುಡುಗರಿಗೆ ಹೇಳಿಯೂ ಇದ್ದೆ. ಎರಡು ಸಲ ಕಂಬಳಿ ಹೊದ್ದು ಅವಳ ಮುಖದ ಮೇಲೆ ಅಷ್ಟು ಹೊತ್ತು ಬಗ್ಗಿದವನು ಎರಡು ಸಲವೂ ಕೆನ್ನೆಯನ್ನೇ ನೋಡಿದ್ದೆ. ಆಮೇಲೆ ದಿನಗಟ್ಟಲೆ ಆ ಫೋಟೋ ಹಿಡಿದು ಕೂತಾಗಲೂ ಕಣ್ಣು ಮಸುಕಾದದ್ದು ನನಗೆ ಕಾಣಲಿಲ್ಲ. ಕಾರಟಗಿಯ ಆ ಮುದುಕಿಗೆ ಕಂಡಿತು.

ತಂಗಿ ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು. ಸೆರಗಿನ ಅಂಚಿನಿಂದ ಒಂದು ದಾರ ಎಳೆದು, ಮುಖದಿಂದ ದೂರಕ್ಕೆ ಕೈ ಚಾಚಿ, ಒಂದೇ ಸಲಕ್ಕೆ ಪೋಣಿಸಿ ದೊಡ್ಡವ್ವನ ಕೈಗೆ ಕೊಟ್ಟಳು. ದೊಡ್ಡವ್ವ ಸೂಜಿಯನ್ನು ತಿರುಗಿಸಿ ನೋಡಿ, ‘ನನಗ ಅದರ ತೂತ ಸೈತ ಕಾಣವಲ್ದು’ ಎಂದು ನಕ್ಕು, ಉಪ್ಪಿಟ್ಟಿಗೆ ಕೈ ಹಾಕಿದಳು. ನನ್ನ ಜೀವ ತಿರುಗಿ ಬಂದಂತಾಯಿತು.

ಅಷ್ಟಕ್ಕೆ ಮುಗಿಯಲಿಲ್ಲ. ತಂಗಿ, ‘ದೊಡ್ಡವ್ವಾ, ನನ್ನ ಎಲ್ಲಾರೂ ನೋಡಿದ್ರಿ. ನಾನೂ ಒಮ್ಮಿ ನೋಡ್ಲೇನ್ರಿ?’ ಎಂದಳು. ದೊಡ್ಡವ್ವ ತಲೆಯಾಡಿಸಿದಳು, ಏನು ಕೇಳುತ್ತಿದ್ದಾಳೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ. ತಂಗಿ ಕ್ಯಾಮೆರಾವನ್ನು ಪಡಸಾಲೆಗೆ ತರಿಸಿ, ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ಕಂಬಳಿ ಹೊದ್ದಳು. ಅವ್ವ ದೇವರ ಗೂಡಿನ ಕಡೆ ನೋಡಿ ಏನೋ ಮಣಮಣ ಎಂದಳು. ಹೆಣ್ಣು ತಲೆ ತಗ್ಗಿಸಿ ಕೂರಬೇಕಾದ ಹೊತ್ತಿನಲ್ಲಿ ಗಂಡನ್ನು ಹೀಗೆ ಯಾರಾದರೂ ನೋಡುತ್ತಾರೆಯೇ. ಎಷ್ಟೋ ಹೊತ್ತು ಕಂಬಳಿ ಅಲುಗಲಿಲ್ಲ. ಹುಡುಗ ಹಲಗೆಯ ಮೇಲಿನ ಹಸಿರು ಕೆಂಪು ಬಳ್ಳಿಯನ್ನು ನೋಡುತ್ತ ಕೂತಿದ್ದ. ‘ಗದ್ದ ಸ್ವಲ್ಪ ಎತ್ರಿ’ ಎಂದು ಒಳಗಿಂದ ದನಿ ಬಂತು, ಎತ್ತಿದ. ಅವಳ ಕೈ ಹಲಗೆಯನ್ನು ತುಸು ಸರಿಸಿತು. ತಲೆಗೂದಲು ಕೆದರಿಕೊಂಡು ಹೊರಗೆ ಬಂದವಳು ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋದಳು. ಅವ್ವ ಹಿಂದೆಯೇ ಓಡಿದಳು. ಅವ್ವ ತಿರುಗಿ ಬಂದಾಗ ಅವಳ ಕೈಯಲ್ಲಿ ಸಕ್ಕರೆಯ ಬಟ್ಟಲಿತ್ತು.

ಅವರು ಮೂರರ ಬಸ್ಸಿಗೆ ಹೋದರು. ನಾನು ಪಡಸಾಲೆಯಲ್ಲಿ ಆ ಫೋಟೋಗಳನ್ನು ಹಿಡಿದು ಕೂತೇ ಇದ್ದೆ. ಸಂಬಂಧ ಕೂಡಿತು ಎಂಬ ಸಂತೋಷ ಬರಬೇಕಿತ್ತು, ಬರುತ್ತಿರಲಿಲ್ಲ. ತಂಗಿ ಬಂದು ಎದುರಿನ ಕುರ್ಚಿಯ ಮೇಲೆ ಕೂತಳು.

‘ಇನ್ನೊಂದು ಹಾಳಿ ಐತೆಲ್ಲ’ ಎಂದಳು.

‘ಐತಿ. ಕೆಟ್ರ ಮತ್ತ ಇಲ್ಲ.’

‘ಕೆಡ್ಲಿ ಬಿಡು. ಅಣ್ಣ, ಈ ಸಲ ಕಣ್ಣ ನೋಡಿ ಹಿಡಿ.’

ಬಚ್ಚಲಿನ ಕತ್ತಲೆಯಲ್ಲಿ ಕೊನೆಯ ಹಾಳೆಯನ್ನು, ಮುಂದೆ ತಗಡು ಸರಿಯುವ ಚೌಕಟ್ಟಿಗೆ ತುಂಬಿಕೊಂಡು ಬಂದೆ. ಮುಚ್ಚಳ ತೆಗೆದು ಕಂಬಳಿ ಹೊದ್ದೆ. ಹಲಗೆ ಸರಿಸಿದೆ. ಕೆನ್ನೆಯ ಗೆರೆಗಳು ಮೊದಲು ಬಂದವು. ಕೈ ರೂಢಿಯಿಂದ ಅಲ್ಲೇ ನಿಂತಿತು. ಬಲವಂತವಾಗಿ ದಾಟಿಸಿದೆ. ಗುರುತು ಕರಗಿತು, ಬೆಂಡೋಲೆ ಕರಗಿತು, ಕಣ್ಣು ಬಂದವು. ತಲೆಕೆಳಗಾಗಿದ್ದರೂ ನನ್ನನ್ನೇ ನೋಡುತ್ತಿದ್ದವು. ಎಡಗಣ್ಣಿನ ಕಪ್ಪಿನ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಒಂದು ಮಚ್ಚೆ ಇತ್ತು. ಒಂದೇ ಮನೆಯಲ್ಲಿ ಇಪ್ಪತ್ತೈದು ವರ್ಷ ಬದುಕಿದ್ದೇವೆ, ಆ ಮಚ್ಚೆ ನನಗೆ ಗೊತ್ತಿರಲಿಲ್ಲ. ಪಾಕ ಚೆಲ್ಲಿದ ದಿನದಿಂದ ನಾನು ಅವಳ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ. ಆ ಕಣ್ಣುಗಳಲ್ಲಿ ಸಿಟ್ಟು ಇರುತ್ತದೆ ಎಂದು ಇಷ್ಟು ವರ್ಷ ಹೆದರಿದ್ದೆ. ಇರಲಿಲ್ಲ. ಬಹುಶಃ ಯಾವತ್ತೂ ಇರಲಿಲ್ಲ. ಕಂಬಳಿಯೊಳಗೆ ಅತ್ತೆ, ಅಳುವುದಕ್ಕೆ ಅದು ಒಳ್ಳೆಯ ಜಾಗ.

ಮುಖ ಒರೆಸಿಕೊಂಡು ಹೊರಗೆ ಬಂದೆ. ಮುಚ್ಚಳ ಹಾಕಿದೆ, ಗಾಜಿನ ಜಾಗಕ್ಕೆ ಫಿಲ್ಮು ಕೂರಿಸಿದೆ, ಫಿಲ್ಮಿನ ಮುಂದಿನ ತಗಡು ಎಳೆದೆ, ‘ಅಲುಗಾಡಬ್ಯಾಡ’ ಎಂದೆ. ನಾಲ್ಕು ಎಣಿಸಿದೆ. ತಗಡು ಹಾಕಿ ಬಚ್ಚಲಿಗೆ ಓಡಿದೆ.

ಕೆಂಪು ಬೆಳಕಿನಲ್ಲಿ ತಟ್ಟೆ ಅಲುಗಿಸುತ್ತ ಕೂತೆ. ಏನೂ ಬರಲಿಲ್ಲ. ಎಷ್ಟು ಹೊತ್ತು ಅಲುಗಿಸಿದರೂ ಬರಲಿಲ್ಲ. ಕೊನೆಗೆ ಹಾಳೆ ಗಾಜಿನ ಹಾಗೆ ತಿಳಿಯಾಗಿ ಕೈಗೆ ಬಂತು. ಹೊರಗೆ ಹೋಗಿ ನೋಡಿದರೆ ಹಲ್ಲುಪುಡಿ ಡಬ್ಬಿಯ ಮುಚ್ಚಳ ಮಸೂರದ ಮೇಲೆಯೇ ಕೂತಿತ್ತು. ಎಣಿಸುವಾಗ ಅದನ್ನು ತೆಗೆಯುವುದನ್ನೇ ಮರೆತಿದ್ದೆ.

ತಂಗಿ ಇನ್ನೂ ಕುರ್ಚಿಯ ಮೇಲೆಯೇ ಇದ್ದಳು.

‘ಕಣ್ಣ ಬಂದಾವೇನು?’ ಎಂದಳು.

ಒದ್ದೆ ಹಾಳೆಯನ್ನು ಹಿಡಿದು ಅವಳ ಮುಂದೆ ನಿಂತೆ. ಅದರ ಆಚೆಯಿಂದ ಅವಳು ಪೂರ್ತಿ ಕಾಣುತ್ತಿದ್ದಳು.

‘ಫೋಟೋದಾಗ ಬಂದಿಲ್ಲ’ ಎಂದೆ. ‘ನಾ ನೋಡೀನಿ.’